ಸೋಮವಾರದ ಸಂಜೆ: ಮಾರ್ಮನ್ ಮನೆಯಂಗಳದ ಒಂದು ಇತಿಹಾಸ

ಅಮೆರಿಕದ ಯೂಟಾ ರಾಜ್ಯದ ಊರುಗಳಲ್ಲಿ ಸೋಮವಾರದ ಸಂಜೆಗೆ ಒಂದು ವೈಶಿಷ್ಟ್ಯವಿದೆ. ಅಂದು ಮಾರ್ಮನ್ ಜನರ ಪ್ರಾರ್ಥನಾಲಯಗಳಲ್ಲಿ ಸಭೆಗಳನ್ನು ಇಡುವುದಿಲ್ಲ. ಊಟ ಮುಗಿದ ಮೇಲೆ ತಂದೆ, ತಾಯಿ, ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಗೋಡೆಗೆ ತೂಗುಹಾಕಿದ ಪುಟ್ಟ ಹಲಗೆಯ ಮೇಲೆ ಮನೆಮಂದಿಯ ಹೆಸರುಗಳಿರುತ್ತವೆ. ಈ ವಾರ ಪ್ರಾರ್ಥನೆ ಯಾರದು, ಹಾಡು ಆರಿಸುವವರು ಯಾರು, ಪಾಠ ಹೇಳುವವರು ಯಾರು, ಆಟದ ಹೊಣೆ ಯಾರದು, ತಿಂಡಿ ಮಾಡುವವರು ಯಾರು ಎಂಬುದು ಅಲ್ಲಿ ನಿಗದಿಯಾಗಿರುತ್ತದೆ. ಹದಿನಾರರ ಮಗಳು ಪಾಠ ಒಪ್ಪಿಸುವಾಗ ಹದಿನಾಲ್ಕರ ಮಗ ಗಡಿಯಾರ ನೋಡುತ್ತಾನೆ. ಕಿರಿಯವನಿಗೆ ತಿಂಡಿಯದೇ ಚಿಂತೆ. ಪಾಠದ ನಡುವೆ ಜಗಳವಾಗುವುದೂ ಉಂಟು, ಪ್ರಾರ್ಥನೆಯ ನಡುವೆ ನಗು ಉಕ್ಕಿ ಬರುವುದೂ ಉಂಟು. ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ. ಮುಂದಿನ ಸೋಮವಾರ ಮತ್ತೆ ಅದೇ ಹಲಗೆ, ಅದೇ ಕೋಣೆ, ಅದೇ ಮಕ್ಕಳು.

ಇದನ್ನು ಅವರು 'ಕುಟುಂಬದ ಮನೆ ಸಂಜೆ' ಎನ್ನುತ್ತಾರೆ. ನೋಡಲು ಬಹು ಸರಳವಾದ ಈ ಆಚರಣೆಯ ಹಿಂದೆ ದೀರ್ಘವಾದ ಒಂದು ಇತಿಹಾಸವಿದೆ. ತನ್ನ ಮಕ್ಕಳು ಕೈಜಾರಿ ಹೋಗುತ್ತಿದ್ದಾರೆಂದು ಭಯಪಟ್ಟ ಒಂದು ಜನಾಂಗ, ಅವರನ್ನು ಉಳಿಸಿಕೊಳ್ಳಲು ಸಂಘದ ಮೇಲೆ ಸಂಘ ಕಟ್ಟಿ, ಕೊನೆಗೆ ಆ ಹೊಣೆಯನ್ನು ಮತ್ತೆ ಮನೆಯ ಹೊಸ್ತಿಲಿಗೇ ತಂದಿಟ್ಟ ಇತಿಹಾಸವದು. ಹದಿಹರೆಯದ ಮಕ್ಕಳಿರುವ ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಅದನ್ನು ಅರಿಯುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಮೊದಲು ಒಂದು ಸ್ಪಷ್ಟನೆ. ಮಾರ್ಮನ್ ಎಂಬುದು ಹೊರಗಿನವರು ಇಟ್ಟ ಅಡ್ಡಹೆಸರು. 1830ರಲ್ಲಿ ಪ್ರಕಟವಾದ 'ಮಾರ್ಮನ್ ಗ್ರಂಥ'ದಿಂದ ಬಂದದ್ದು. 'ಯೇಸು ಕ್ರಿಸ್ತರ ಅಂತಿಮ ದಿನಗಳ ಸಂತರ ಸಭೆ' ಎಂಬುದು ಅವರ ಸಭೆಯ ಪೂರ್ಣ ಹೆಸರು. ಆ ಹೆಸರನ್ನೇ ಬಳಸಬೇಕೆಂದು ಅವರ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ 2018ರಲ್ಲಿ ಕೇಳಿಕೊಂಡರು. ನಮ್ಮ ಓದುಗರಿಗೆ ಪರಿಚಿತವಾದದ್ದು ಹಳೆಯ ಹೆಸರಾದ್ದರಿಂದ ಇಲ್ಲಿ ಅದನ್ನೇ ಉಳಿಸಿಕೊಂಡಿದ್ದೇನೆ. ಅವರ ವಿಶ್ವಾಸಕ್ಕೂ ನಮ್ಮದಕ್ಕೂ ಇರುವ ಅಂತರ ಸಣ್ಣದಲ್ಲ. ದೇವರ ಸ್ವರೂಪ, ತ್ರಿತ್ವ, ದೇವರ ಪ್ರಕಟಣೆ, ಇವೆಲ್ಲವುಗಳಲ್ಲಿ ನಾವು ಒಪ್ಪಲಾಗದ ಬೋಧನೆಗಳು ಅವರಲ್ಲಿವೆ. ಈ ಕಾರಣದಿಂದಲೇ ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಪೀಠವು ಅವರ ದೀಕ್ಷಾಸ್ನಾನವನ್ನು ಮಾನ್ಯಮಾಡಲಾಗದೆಂದು 2001ರಲ್ಲಿ ತೀರ್ಪು ನೀಡಿತು. ಆದರೂ 2019ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್‌ರವರು ನೆಲ್ಸನ್‌ರವರನ್ನು ವ್ಯಾಟಿಕನ್ನಿನಲ್ಲಿ ಬರಮಾಡಿಕೊಂಡರು. ಬೋಧನೆಯಲ್ಲಿ ದೂರವಿದ್ದವರ ಮನೆಯೊಳಗಿನ ಶ್ರಮವನ್ನು ಗೌರವದಿಂದ ನೋಡಲು ಅಡ್ಡಿಯಿಲ್ಲ.

ಈ ಸಭೆಯ ಮೂಲದಲ್ಲಿಯೇ ಒಬ್ಬ ಹದಿಹರೆಯದ ಹುಡುಗನಿರುವುದು ಗಮನಾರ್ಹ. ಜೋಸೆಫ್ ಸ್ಮಿತ್ 1805ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಹುಟ್ಟಿದ. ಬೆಳೆ ಕೈಕೊಟ್ಟು ಬಡತನಕ್ಕಿಳಿದ ಅವನ ತಂದೆತಾಯಿ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಎಂಬಲ್ಲಿಗೆ ವಲಸೆ ಬಂದರು. ಆಗ ಆ ಸೀಮೆಯಲ್ಲಿ ಪಂಗಡ ಪಂಗಡಗಳ ನಡುವೆ ಆತ್ಮಗಳನ್ನು ಸೆಳೆಯುವ ಪೈಪೋಟಿ ನಡೆದಿತ್ತು. ಆ ಪೈಪೋಟಿ ಸ್ಮಿತ್ ಕುಟುಂಬವನ್ನೂ ಒಡೆಯಿತು. ತಾಯಿ ಲೂಸಿ ಮತ್ತು ಕೆಲವು ಮಕ್ಕಳು ಪ್ರೆಸ್ಬಿಟೇರಿಯನ್ ಸಭೆಯ ಕಡೆಗೆ ಹೋದರೆ, ತಂದೆ ಯಾವ ಪಂಗಡಕ್ಕೂ ಸೇರದೆ ದೂರವೇ ಉಳಿದ. ಯಾವುದು ಸರಿಯೆಂದು ತಿಳಿಯದೆ ಹದಿನಾಲ್ಕನೆಯ ವಯಸ್ಸಿನಲ್ಲಿ ತೋಪಿಗೆ ಹೋಗಿ ಪ್ರಾರ್ಥಿಸಿದೆನೆಂದೂ ಅಲ್ಲಿ ತನಗೆ ದರ್ಶನವಾಯಿತೆಂದೂ ಜೋಸೆಫ್ ಮುಂದೆ ಹೇಳಿಕೊಂಡ. 1823ರಲ್ಲಿ ದೇವದೂತನನ್ನು ಕಂಡೆನೆಂದು ಹೊಲದಲ್ಲಿ ತಂದೆಯ ಮುಂದೆ ನಿಂತು ಅವನು ತಿಳಿಸಿದಾಗ ತಂದೆ ಗದರಲಿಲ್ಲ, ನಕ್ಕು ತಳ್ಳಿಹಾಕಲಿಲ್ಲ, ಕೊನೆಯವರೆಗೂ ಕೇಳಿದ. ಆ ದರ್ಶನಗಳನ್ನು ನಾವು ಒಪ್ಪುವುದಿಲ್ಲ. ಆದರೆ ವಿಶ್ವಾಸದ ಬಗ್ಗೆ ಮನೆಯಲ್ಲಿ ಒಡಕಿದ್ದಾಗ ಅದರ ನೋವನ್ನು ಅತಿ ತೀವ್ರವಾಗಿ ಅನುಭವಿಸುವವರು ಹರೆಯದ ಮಕ್ಕಳೇ ಎಂಬುದು ಈ ಕಥೆಯಿಂದ ತಿಳಿಯುತ್ತದೆ.

1830ರ ಏಪ್ರಿಲ್ 6ರಂದು ಸಭೆ ಸ್ಥಾಪನೆಯಾಯಿತು. ನಂತರದ್ದು ಓಟದ ಕಥೆ. ಒಹಾಯೋ, ಮಿಸ್ಸೌರಿ, ಇಲಿನಾಯ್ ರಾಜ್ಯಗಳಲ್ಲಿ ಅವರು ನೆಲೆಯೂರಿದಲ್ಲೆಲ್ಲ ನೆರೆಹೊರೆಯವರೊಡನೆ ಘರ್ಷಣೆಯಾಯಿತು. 1844ರ ಜೂನ್ 27ರಂದು ಇಲಿನಾಯ್‌ನ ಕಾರ್ತೇಜ್ ಸೆರೆಮನೆಯಲ್ಲಿ ಗುಂಪೊಂದು ಜೋಸೆಫ್‌ನನ್ನೂ ಅವನ ಅಣ್ಣ ಹೈರಮ್‌ನನ್ನೂ ಗುಂಡಿಟ್ಟು ಕೊಂದಿತು. ಬ್ರಿಗಮ್ ಯಂಗ್ ಎಂಬ ನಾಯಕನ ಹಿಂದೆ ಬಹುಪಾಲು ಜನ ಪಶ್ಚಿಮದ ಮರುಭೂಮಿಯತ್ತ ನಡೆದು, 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಮುಟ್ಟಿದರು. ಎತ್ತಿನ ಬಂಡಿಗೆ ಹಣವಿಲ್ಲದ ಬಡವರು 1856ರಿಂದ ಕೈಗಾಡಿಗಳಲ್ಲಿ ಸಾಮಾನು ಹೇರಿ ಎಳೆದುಕೊಂಡು ಬಂದರು. ಆ ವರ್ಷವೇ ತಡವಾಗಿ ಹೊರಟ ಎರಡು ತಂಡಗಳು ಹಿಮಕ್ಕೆ ಸಿಲುಕಿ ಇನ್ನೂರಕ್ಕೂ ಹೆಚ್ಚು ಜನ ದಾರಿಯಲ್ಲೇ ಸತ್ತರು. ಇಂದಿಗೂ ಮಾರ್ಮನ್ ಹದಿಹರೆಯದವರು ಬೇಸಿಗೆಯಲ್ಲಿ ಪೂರ್ವಜರ ಉಡುಪು ತೊಟ್ಟು ಕೆಲವು ದಿನ ಕೈಗಾಡಿ ಎಳೆಯುತ್ತಾರೆ. ಅಜ್ಜ ಅಜ್ಜಿಯರು ಪಟ್ಟ ಪಾಡನ್ನು ಮೊಮ್ಮಕ್ಕಳು ಕಿವಿಯಿಂದಷ್ಟೇ ಕೇಳದೆ ಮೈಯಿಂದಲೂ ಅರಿಯಲಿ ಎಂಬುದು ಹಿರಿಯರ ಆಸೆ.

ಆ ಕಾಲದ ಮಾರ್ಮನ್ ಕುಟುಂಬದ ಬಗ್ಗೆ ಮಾತನಾಡುವಾಗ ಬಹುಪತ್ನಿತ್ವವನ್ನು ಮರೆಮಾಡಲಾಗದು. 1852ರಲ್ಲಿ ಬಹಿರಂಗವಾಗಿ ಸಾರಲಾದ ಆ ಪದ್ಧತಿ ಎಷ್ಟೋ ಹೆಂಗಸರಿಗೆ ನೋವು ತಂದಿತು. ಸರ್ಕಾರದೊಡನೆ ದೀರ್ಘ ಸಂಘರ್ಷಕ್ಕೆ ಕಾರಣವಾಯಿತು. 1890ರಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಅದನ್ನು ಕೈಬಿಡುವ ಪ್ರಕಟಣೆ ಹೊರಡಿಸಿದರು. 1896ರಲ್ಲಿ ಯೂಟಾ ಅಮೆರಿಕದ ಪೂರ್ಣ ರಾಜ್ಯವಾಯಿತು. ಇಂದು ಈ ಸಭೆಯಲ್ಲಿ ಬಹುಪತ್ನಿತ್ವ ಆಚರಿಸುವವರಿಗೆ ಸದಸ್ಯತ್ವವಿಲ್ಲ. ಅದನ್ನು ಮುಂದುವರಿಸಿರುವ ಸಣ್ಣ ಗುಂಪುಗಳು ಈ ಸಭೆಗೆ ಸೇರಿದವಲ್ಲ.

ಮಕ್ಕಳು ಕೈಜಾರುತ್ತಿದ್ದಾರೆಂಬ ಭಯ ಮೊದಲು ಎದ್ದು ಕಂಡದ್ದು 1869ರಲ್ಲಿ. ಆ ವರ್ಷದ ಮೇ 10ರಂದು ಯೂಟಾದ ಪ್ರಾಮಂಟರಿ ಎಂಬಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲು ಹಳಿ ಕೂಡಿಕೊಂಡಿತು. ಅಲ್ಲಿಯವರೆಗೆ ಬೆಟ್ಟ ಮರುಭೂಮಿಗಳೇ ಆ ಸಮುದಾಯಕ್ಕೆ ಕೋಟೆಯಾಗಿದ್ದವು. ರೈಲು ಬಂದೊಡನೆ ಪೂರ್ವದ ನಗರಗಳ ಬಟ್ಟೆ, ಪತ್ರಿಕೆ, ಹವ್ಯಾಸಗಳೆಲ್ಲ ಬಾಗಿಲಿಗೆ ಬಂದವು. ಅದೇ ನವೆಂಬರ್‌ನಲ್ಲಿ ಬ್ರಿಗಮ್ ಯಂಗ್ ತನ್ನ ಮನೆಯಾದ 'ಲಯನ್ ಹೌಸ್'ನ ಪಡಸಾಲೆಯಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ, ಉಡುಪಿನಲ್ಲಿ, ಊಟದಲ್ಲಿ, ಮಾತಿನಲ್ಲಿ ಸರಳತೆಗೆ ಮರಳಬೇಕೆಂದು ಹೇಳಿದ. ಆ ಮನೆಯಲ್ಲಿ ಸಂಜೆ ಗಂಟೆ ಬಾರಿಸಿ ಎಲ್ಲರನ್ನೂ ಪ್ರಾರ್ಥನೆಗೆ ಕರೆಯುವ ಪದ್ಧತಿ ಮೊದಲೇ ಇತ್ತು. ಆದರೆ ಗಂಟೆಯ ಸದ್ದಿಗಿಂತ ರೈಲಿನ ಸದ್ದು ಮಕ್ಕಳಿಗೆ ಇಂಪಾಗಿ ಕೇಳತೊಡಗಿತ್ತು. ಇಂದು ನಮ್ಮ ಮನೆಗಳಲ್ಲಿ ಮೊಬೈಲ್ ಫೋನಿನ ಬಗ್ಗೆ ತಂದೆತಾಯಿಯರಿಗೆ ಯಾವ ಅಳುಕಿದೆಯೋ, ಅಂದು ಆ ತಂದೆಗೆ ರೈಲಿನ ಬಗ್ಗೆ ಅದೇ ಅಳುಕಿತ್ತು.

ಲಯನ್ ಹೌಸ್‌ನ ಆ ಕೂಟವೇ ಮುಂದೆ ಯುವತಿಯರ ಸಂಘವಾಗಿ ಬೆಳೆಯಿತು. 1849ರಲ್ಲಿಯೇ ಭಾನುವಾರದ ಶಾಲೆ ಆರಂಭವಾಗಿತ್ತು. 1875ರಲ್ಲಿ ಯುವಕರ ಸಂಘ, 1878ರಲ್ಲಿ ಔರೀಲಿಯಾ ರೋಜರ್ಸ್ ಎಂಬ ಮಹಿಳೆಯ ಪ್ರಯತ್ನದಿಂದ ಚಿಕ್ಕ ಮಕ್ಕಳ 'ಪ್ರೈಮರಿ', 1913ರಲ್ಲಿ ಬಾಯ್ ಸ್ಕೌಟ್ ಚಳವಳಿಯೊಡನೆ ಒಪ್ಪಂದ, ಹೀಗೆ ಒಂದರ ಮೇಲೊಂದು ಕಾರ್ಯಕ್ರಮ ಬಂದವು. ಪ್ರತಿಯೊಂದೂ ಒಳ್ಳೆಯದೇ. ಆದರೆ ಎಲ್ಲವೂ ಕೂಡಿದಾಗ, ತಂದೆ ಒಂದು ಸಭೆಗೆ, ತಾಯಿ ಇನ್ನೊಂದಕ್ಕೆ, ಮಕ್ಕಳು ಮೂರನೆಯದಕ್ಕೆ ಹೊರಟು ಮನೆ ಬರಿದಾಗತೊಡಗಿತು. ಮಕ್ಕಳಿಗೆ ವಿಶ್ವಾಸ ಕಲಿಸುವುದು ಸಂಘದ ಕೆಲಸ, ಕಳುಹಿಸಿಕೊಡುವುದಷ್ಟೇ ನಮ್ಮ ಕೆಲಸ ಎಂದು ತಂದೆತಾಯಿಯರು ನಂಬತೊಡಗಿದರು.

ಈ ಅಪಾಯವನ್ನು ಗುರುತಿಸಿದವರು ಸಾಲ್ಟ್ ಲೇಕ್ ಬಳಿಯ ಗ್ರಾನೈಟ್ ಎಂಬ ಭಾಗದ ಹಿರಿಯರು. 1909ರಲ್ಲಿ ಅವರು ವಾರದ ಒಂದು ಸಂಜೆಯನ್ನು ಮನೆಗಾಗಿಯೇ ಬಿಡುವ ಪ್ರಯೋಗ ಮಾಡಿದರು. ಅದರ ಫಲ ಕಂಡು, 1915ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್ ಮತ್ತು ಅವರ ಇಬ್ಬರು ಸಲಹೆಗಾರರು ಎಲ್ಲ ಕುಟುಂಬಗಳಿಗೂ ಪತ್ರ ಬರೆದು 'ಮನೆ ಸಂಜೆ'ಯನ್ನು ಆಚರಿಸಲು ಕರೆಕೊಟ್ಟರು. ಪ್ರಾರ್ಥನೆ, ಗೀತೆ, ಗ್ರಂಥ ಪಠಣ, ಕುಟುಂಬದ ವಿಚಾರಗಳ ಮಾತುಕತೆ, ಮಕ್ಕಳ ಆಟ ಪಾಟ, ಒಂದಿಷ್ಟು ತಿಂಡಿ, ಇಷ್ಟೇ ಅದರ ಕ್ರಮ. ಇದನ್ನು ಪಾಲಿಸಿದರೆ ಮನೆಯಲ್ಲಿ ಪ್ರೀತಿ ಹೆಚ್ಚುವುದು, ಮಕ್ಕಳು ಶೋಧನೆಗಳನ್ನು ಎದುರಿಸುವ ಶಕ್ತಿ ಪಡೆಯುವರು ಎಂಬ ಭರವಸೆಯೂ ಆ ಪತ್ರದಲ್ಲಿತ್ತು.

ಅದೇ ಗ್ರಾನೈಟ್‌ನಲ್ಲಿ 1912ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಜೋಸೆಫ್ ಮೆರಿಲ್ ಎಂಬ ವಿದ್ವಾಂಸರು ಮನೆಯಲ್ಲಿ ಸಂಜೆಯ ಹೊತ್ತು ತಮ್ಮ ಪತ್ನಿ ಮಕ್ಕಳಿಗೆ ಬೈಬಲ್ಲಿನ ಕಥೆಗಳನ್ನು ಹೇಳುವುದನ್ನು ಕೇಳುತ್ತಿದ್ದರು. ಆಕೆ ಅವುಗಳನ್ನು ಅಷ್ಟು ಸೊಗಸಾಗಿ ಹೇಳುವುದನ್ನು ತನ್ನ ಯೌವನದಲ್ಲಿ ಒಬ್ಬ ಉತ್ತಮ ಶಿಕ್ಷಕರಿಂದ ಕಲಿತಿದ್ದಳು. ಇಂಥ ಶಿಕ್ಷಣ ಎಲ್ಲ ಯುವಜನರಿಗೂ ಸಿಗಬೇಕೆಂದು ಮೆರಿಲ್ ಯೋಚಿಸಿದರು. ಸರ್ಕಾರಿ ಶಾಲೆಯಲ್ಲಿ ಧರ್ಮ ಬೋಧಿಸುವಂತಿರಲಿಲ್ಲ. ಆದ್ದರಿಂದ ಗ್ರಾನೈಟ್ ಪ್ರೌಢಶಾಲೆಯ ಸಮೀಪದಲ್ಲಿಯೇ ಒಂದು ಪುಟ್ಟ ಕಟ್ಟಡವೆದ್ದಿತು. ವಿದ್ಯಾರ್ಥಿಗಳು ದಿನದ ಒಂದು ಅವಧಿಗೆ ಅಲ್ಲಿಗೆ ಬಂದು ಪವಿತ್ರ ಗ್ರಂಥ ಕಲಿತು ಮರಳುತ್ತಿದ್ದರು. ಮೊದಲ ವರ್ಷ ಬಂದವರು ಸುಮಾರು 70 ಮಂದಿ. ಅದಕ್ಕೆ ಅವರು ಇಟ್ಟ ಹೆಸರು 'ಸೆಮಿನರಿ'. ನನ್ನಂಥ ಗುರುಗಳಿಗೆ ಸೆಮಿನರಿಯೆಂದರೆ ಗುರುಮಠ, ಯಾಜಕ ದೀಕ್ಷೆಗೆ ಸಿದ್ಧಗೊಳಿಸುವ ಮನೆ. ಮಾರ್ಮನರಲ್ಲಾದರೋ ಅದು ಹದಿನಾಲ್ಕರಿಂದ ಹದಿನೆಂಟರ ಎಲ್ಲ ಹುಡುಗ ಹುಡುಗಿಯರ ನಾಲ್ಕು ವರ್ಷದ ಪಾಠಶಾಲೆ. 1950ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದು ಶಾಲೆಗೆ ಮುಂಚಿನ ಮುಂಜಾವಿನ ತರಗತಿಯಾಗಿ ಆರಂಭವಾಗಿ ಬೇರೆಡೆಗೂ ಹರಡಿತು. ಈ ಎಲ್ಲಕ್ಕೂ ಬೀಜ ಬಿದ್ದದ್ದು ಒಬ್ಬ ತಾಯಿ ತನ್ನ ಮಕ್ಕಳಿಗೆ ಹೇಳಿದ ಕಥೆಯಲ್ಲಿ ಎಂಬುದನ್ನು ನಾವು ಮರೆಯಬಾರದು.

ಆದರೆ ಪತ್ರ ಬರೆದ ಮಾತ್ರಕ್ಕೆ ಮನೆಗಳು ಬದಲಾಗುವುದಿಲ್ಲ. 1915ರ ಉತ್ಸಾಹ ಕೆಲವು ವರ್ಷಗಳಲ್ಲಿ ತಗ್ಗಿತು. ಕೆಲವು ಕುಟುಂಬಗಳು ಉಳಿಸಿಕೊಂಡವು, ಹಲವು ಮರೆತವು. ಅರ್ಧ ಶತಮಾನದ ನಂತರ ಅಧ್ಯಕ್ಷ ಡೇವಿಡ್ ಮೆಕೇ ಅವರ ಕಾಲದಲ್ಲಿ ಅದಕ್ಕೆ ಮರುಜೀವ ಬಂತು. ಬೆಳೆದು ಹೆಮ್ಮರವಾಗಿದ್ದ ಸಂಘಗಳನ್ನೆಲ್ಲ ಒಂದು ಶಿಸ್ತಿಗೆ ತಂದು, ಅವೆಲ್ಲವೂ ಕುಟುಂಬಕ್ಕೆ ನೆರವಾಗಬೇಕೆಂಬ ಹೊಸ ಏರ್ಪಾಡನ್ನು 1960ರ ದಶಕದಲ್ಲಿ ಹೆರಾಲ್ಡ್ ಲೀ ಎಂಬ ಹಿರಿಯರು ಮುನ್ನಡೆಸಿದರು. 1965ರಲ್ಲಿ ಪ್ರತಿ ಕುಟುಂಬಕ್ಕೂ ಪಾಠಗಳಿದ್ದ ಕೈಪಿಡಿ ತಲುಪಿತು. 1970ರಲ್ಲಿ ಸೋಮವಾರದ ಸಂಜೆಯನ್ನು ಎಲ್ಲೆಡೆಯೂ ಕುಟುಂಬಕ್ಕೇ ಮೀಸಲಿಟ್ಟು, ಅಂದು ಬೇರಾವ ಕೂಟವನ್ನೂ ಇಡಬಾರದೆಂದು ನಿಯಮವಾಯಿತು. ಕುಟುಂಬ ಒಟ್ಟಿಗೆ ಕೂಡಲಿ ಎಂದು ಹೇಳುವುದು ಸುಲಭ. ಅದಕ್ಕಾಗಿ ತನ್ನ ಬಾಗಿಲನ್ನೇ ಒಂದು ಸಂಜೆ ಮುಚ್ಚಿಕೊಳ್ಳುವುದು ಯಾವ ಸಂಸ್ಥೆಗೂ ಕಷ್ಟ. ಆ ನಿಯಮದ ತಿರುಳು ಇದೇ.

ಪ್ರಿಯ ಓದುಗರೇ, ಅದೇ ವರ್ಷಗಳಲ್ಲಿ ರೋಮಿನಲ್ಲಿ ನಡೆಯುತ್ತಿದ್ದುದನ್ನು ಇಲ್ಲಿ ನೆನೆಯಬೇಕು. 1964ರ ನವೆಂಬರ್‌ನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಕುಟುಂಬವನ್ನು ಗೃಹ ಧರ್ಮಸಭೆಯೆಂದು ಕರೆಯಿತು. 1965ರ ಅಕ್ಟೋಬರ್‌ನಲ್ಲಿ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ತಂದೆತಾಯಿಯರೇ ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರೆಂದು ಸಾರಿತು. ಅದಕ್ಕೂ ಮುಂಚೆ, 1942ರಿಂದಲೇ, ಐರಿಷ್ ಮೂಲದ ಗುರು ಪ್ಯಾಟ್ರಿಕ್ ಪೇಟನ್ ಅಮೆರಿಕದಿಂದ ಕುಟುಂಬ ಜಪಸರದ ಚಳವಳಿಯನ್ನು ಆರಂಭಿಸಿ ದೇಶ ದೇಶಗಳಲ್ಲಿ ಸಾರಿದ್ದರು. ಒಬ್ಬರನ್ನೊಬ್ಬರು ಅರಿಯದ ಎರಡು ಸಮುದಾಯಗಳು ಒಂದೇ ಗಾಯಕ್ಕೆ ಒಂದೇ ಮದ್ದನ್ನು ಹುಡುಕುತ್ತಿದ್ದವು. ಬೋಧನೆ ನಮ್ಮಲ್ಲಿ ಅವರಿಗಿಂತ ಕಡಿಮೆಯೇನೂ ಇರಲಿಲ್ಲ. ಆದರೆ ಆ ಬೋಧನೆಗೆಂದು ವಾರದಲ್ಲಿ ಒಂದು ದಿನವನ್ನು ನಾವು ಬಿಟ್ಟುಕೊಟ್ಟೆವೇ ಎಂಬುದು ಬೇರೆ ಪ್ರಶ್ನೆ.

ಇನ್ನು ಅವರ ಮನೆಯ ನಿತ್ಯಜೀವನವನ್ನು ನೋಡೋಣ. ಮುಂಜಾವಿನ ಸೆಮಿನರಿ ಇರುವ ಊರುಗಳಲ್ಲಿ ಬೆಳಕು ಹರಿಯುವ ಮೊದಲೇ ಮಕ್ಕಳನ್ನು ಎಬ್ಬಿಸುವುದು ತಾಯಂದಿರ ಮೊದಲ ಹೋರಾಟ. ಅಡುಗೆ ಮನೆಯಲ್ಲಿ ಕಾಫಿ ಟೀ ಇರುವುದಿಲ್ಲ. 1833ರಲ್ಲಿ ಜೋಸೆಫ್ ಸ್ಮಿತ್ ನೀಡಿದ ಆಹಾರ ನಿಯಮದಂತೆ ಮದ್ಯ, ತಂಬಾಕು, ಕಾಫಿ, ಚಹಾ ಅವರಿಗೆ ವರ್ಜ್ಯ. ಗೆಳೆಯರ ಗುಂಪಿನಲ್ಲಿ ಬೇಡವೆನ್ನುವುದನ್ನು ಮಾರ್ಮನ್ ಹುಡುಗ ಇಲ್ಲಿಂದಲೇ ಕಲಿಯಬೇಕು. ವಾರದ ನಡುವಿನ ಒಂದು ಸಂಜೆ ಯುವಜನರ ಕೂಟ. ಶನಿವಾರ ಮನೆಗೆಲಸ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು ಉಪವಾಸ. ಉಳಿಸಿದ ಊಟದ ಬೆಲೆಯನ್ನು ಬಡವರಿಗೆಂದು ಕಾಣಿಕೆ ಕೊಡುತ್ತಾರೆ. ಕಷ್ಟಕಾಲಕ್ಕೆಂದು ಆಹಾರ ಸಾಮಗ್ರಿ ಕೂಡಿಟ್ಟುಕೊಳ್ಳುವ ರೂಢಿಯೂ ಉಂಟು. ಅದನ್ನು ಜೋಡಿಸಿಡುವುದು ಹರೆಯದ ಮಕ್ಕಳ ಪಾಲಿನ ಕೆಲಸ.

ಭಾನುವಾರದ ಆರಾಧನೆಯಲ್ಲಿಯೂ ಮಕ್ಕಳಿಗೆ ಹೊಣೆಯಿದೆ. ಹನ್ನೆರಡರ ಸುಮಾರಿಗೆ ಹುಡುಗರಿಗೆ ಅವರ ಸಭೆಯ ಮೊದಲ ಹಂತದ ಸೇವಾಪಟ್ಟ ದೊರೆತು, ರೊಟ್ಟಿ ಮತ್ತು ನೀರನ್ನು ಸಾಲು ಸಾಲಾಗಿ ಹಂಚುವ ಕೆಲಸ ಬರುತ್ತದೆ. ಹುಡುಗಿಯರು, ಹುಡುಗರು ಇಬ್ಬರೂ ಸಭೆಯ ಮುಂದೆ ನಿಂತು ಕಿರು ಪ್ರಬೋಧನೆ ನೀಡುತ್ತಾರೆ. ಅಲ್ಲಿ ಸಂಬಳ ಪಡೆಯುವ ಗುರುಗಳಿಲ್ಲ. ಸ್ಥಳೀಯ ಸಭೆಯ ಮುಖ್ಯಸ್ಥನನ್ನು ಬಿಷಪ್ ಎನ್ನುತ್ತಾರಾದರೂ ಆತ ನಮ್ಮ ಧರ್ಮಾಧ್ಯಕ್ಷರಂತಲ್ಲ. ವಾರದ ದಿನಗಳಲ್ಲಿ ಹಲ್ಲಿನ ವೈದ್ಯನೋ ಲೆಕ್ಕಿಗನೋ ಆಗಿರುವ, ಕೆಲವು ವರ್ಷ ಈ ಸೇವೆಗೆ ಕರೆಯಲ್ಪಟ್ಟ ಗೃಹಸ್ಥ ಆತ. ಮಕ್ಕಳು ಕೇಳುಗರಾಗಿ ಮಾತ್ರ ಉಳಿಯದಿರಲು ಇದೂ ಒಂದು ಕಾರಣ: ಕೆಲಸ ಬಹಳ, ಕೈಗಳು ಬೇಕು.

ಈ ಎಲ್ಲ ಸಿದ್ಧತೆ ಸಾಗುವುದು ಧರ್ಮಪ್ರಚಾರ ಸೇವೆಯ ಕಡೆಗೆ. ಯುವಕರು ಎರಡು ವರ್ಷ, ಯುವತಿಯರು ಒಂದೂವರೆ ವರ್ಷ, ಸಭೆ ಕಳುಹಿಸಿದ ಕಡೆಗೆ ಹೋಗಿ ದುಡಿಯುತ್ತಾರೆ. ಚಿಕ್ಕಂದಿನಿಂದಲೇ ಅದಕ್ಕಾಗಿ ಹಣ ಕೂಡಿಡುವ ಮಕ್ಕಳಿದ್ದಾರೆ. 2012ರಲ್ಲಿ ಯುವಕರ ಕನಿಷ್ಠ ವಯಸ್ಸು 19ರಿಂದ 18ಕ್ಕೂ ಯುವತಿಯರದ್ದು 21ರಿಂದ 19ಕ್ಕೂ ಇಳಿಯಿತು. ಬಹುಕಾಲ ಅವರು ಮನೆಗೆ ಫೋನ್ ಮಾಡಬಹುದಾಗಿದ್ದುದು ಕ್ರಿಸ್ಮಸ್ ಮತ್ತು ತಾಯಂದಿರ ದಿನದಂದು ಮಾತ್ರ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತನಾಡಲು ಅನುಮತಿ ದೊರೆಯಿತು. ಆ ಸುದ್ದಿ ಕೇಳಿ ಎಷ್ಟು ತಾಯಂದಿರ ಕಣ್ಣು ತುಂಬಿರಬೇಕೆಂದು ಊಹಿಸಬಹುದು. ಈ ಸಮುದಾಯ ನಮ್ಮ ನಾಡಿಗೂ ತೀರ ಅಪರಿಚಿತವಲ್ಲ. ಭಾರತದಲ್ಲಿ ತಮ್ಮ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಅವರು 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. 2020ರ ಡಿಸೆಂಬರ್‌ನಲ್ಲಿ ಕೆಲಸಕ್ಕೆ ಚಾಲನೆ ದೊರೆಯಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾದೀತು. ಇಷ್ಟು ಬಿಗಿಯಾದ ಬಾಳಿಗೆ ಬೆಲೆಯೂ ಇದೆ. ಎಲ್ಲರೂ ಹೋಗುವ ದಾರಿಯಲ್ಲಿ ಹೋಗಲಾರದ ಮಗುವಿಗೆ ಆ ಮನೆ ಬಲು ಇಕ್ಕಟ್ಟು. ಸಂದೇಹಪಟ್ಟವರು, ಸೇವೆಯ ಅವಧಿ ಮುಗಿಯುವ ಮೊದಲೇ ಮರಳಿದವರು, ಸಭೆಯ ನಿಯಮಕ್ಕೆ ಹೊಂದದವರು, ಇವರೆಲ್ಲ ತಮ್ಮ ಮನೆಯಲ್ಲಿಯೇ ಅಪರಿಚಿತರಂತೆ ಬಾಳಿದ್ದುಂಟು. 1978ರ ಜೂನ್‌ವರೆಗೆ ಆಫ್ರಿಕಾ ಮೂಲದ ಹುಡುಗರಿಗೆ ಆ ಸೇವಾಪಟ್ಟವೇ ಇರಲಿಲ್ಲ. ಸಮವಯಸ್ಕರು ರೊಟ್ಟಿ ಹಂಚುವಾಗ ಅವರು ಕುಳಿತು ನೋಡಬೇಕಾಗಿತ್ತು. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳಂತೆ, ಅಮೆರಿಕದಲ್ಲಿ ಮಾರ್ಮನರಾಗಿ ಬೆಳೆದವರಲ್ಲಿ ಅದೇ ವಿಶ್ವಾಸದಲ್ಲಿ ಉಳಿದವರು 2007ರಲ್ಲಿ ಶೇಕಡ 70, 2014ರಲ್ಲಿ ಶೇಕಡ 64. ಸೋಮವಾರದ ಸಂಜೆಗಳು ಎಲ್ಲ ಮಕ್ಕಳನ್ನೂ ಉಳಿಸಿಕೊಳ್ಳಲಿಲ್ಲ. ಅವರೂ ಇದರಿಂದ ಪಾಠ ಕಲಿಯುತ್ತಿರುವಂತೆ ಕಾಣುತ್ತದೆ. ಯುವಜನರ ನಡತೆಯ ಬಗ್ಗೆ 1965ರಿಂದ ಪ್ರಕಟಿಸುತ್ತ ಬಂದಿದ್ದ ಕಿರುಪುಸ್ತಕವನ್ನು 2022ರಲ್ಲಿ ತಿದ್ದಿ, ಬೇಕು ಬೇಡಗಳ ಉದ್ದ ಪಟ್ಟಿಯ ಬದಲು ಸ್ವತಃ ವಿವೇಚಿಸಿ ನಿರ್ಧರಿಸಲು ನೆರವಾಗುವ ತತ್ತ್ವಗಳನ್ನು ಮುಂದಿಟ್ಟರು.

ಹಾಗಾದರೆ ಅವರಿಂದ ಕಲಿಯುವುದೇನು? ಸಮಾಜಶಾಸ್ತ್ರಜ್ಞ ಕ್ರಿಶ್ಚಿಯನ್ ಸ್ಮಿತ್ ಮತ್ತು ಸಂಗಡಿಗರು 2002–03ರಲ್ಲಿ ಅಮೆರಿಕದ 13ರಿಂದ 17 ವಯಸ್ಸಿನ 3,290 ಮಂದಿಯನ್ನು ಫೋನಿನ ಮೂಲಕ ಮಾತನಾಡಿಸಿದರು. 2005ರಲ್ಲಿ ಅದರ ಫಲಿತಾಂಶ ಪುಸ್ತಕವಾಗಿ ಬಂತು. ಪ್ರಾರ್ಥನೆ, ಗ್ರಂಥ ಪಠಣ, ಆರಾಧನೆಗೆ ಹೋಗುವುದು, ವಿಶ್ವಾಸವನ್ನು ಮಾತಿನಲ್ಲಿ ಹೇಳಬಲ್ಲ ಶಕ್ತಿ, ಇವುಗಳ ಅಳತೆಯಲ್ಲಿ ಮಾರ್ಮನ್ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಕಥೋಲಿಕ ಮಕ್ಕಳು ಬಹಳ ಹಿಂದಿದ್ದರು. ಅದಕ್ಕಾಗಿ ಆ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆಯಬೇಕಾಯಿತು. ಕಾರಣಗಳಲ್ಲಿ ಮುಖ್ಯವಾದದ್ದು ತಂದೆತಾಯಿಯರದೇ ಉದಾಸೀನತೆ. ಹರೆಯದ ಮಕ್ಕಳ ಮೇಲೆ ಗೆಳೆಯರದೇ ಪ್ರಭಾವ, ನಮ್ಮ ಮಾತು ನಡೆಯದು ಎಂದು ನಾವು ಕೈಚೆಲ್ಲುತ್ತೇವೆ. ಆ ಅಧ್ಯಯನ ಕಂಡುಕೊಂಡದ್ದು ಇದಕ್ಕೆ ವಿರುದ್ಧ: ವಿಶ್ವಾಸದ ವಿಷಯದಲ್ಲಿ ಮಕ್ಕಳು ಬಹುಮಟ್ಟಿಗೆ ತಂದೆತಾಯಿಯರಂತೆಯೇ ಆಗುತ್ತಾರೆ. ಇದು ಸಮಾಧಾನದ ಮಾತೂ ಹೌದು, ಎಚ್ಚರಿಕೆಯ ಮಾತೂ ಹೌದು.

2019ರ ಜನವರಿಯಲ್ಲಿ ಮಾರ್ಮನರು ಇನ್ನೊಂದು ಹೆಜ್ಜೆ ಇಟ್ಟರು. 1980ರಿಂದ ಮೂರು ಗಂಟೆ ನಡೆಯುತ್ತಿದ್ದ ಭಾನುವಾರದ ಕಾರ್ಯಕ್ರಮವನ್ನು ಎರಡಕ್ಕೆ ಇಳಿಸಿ, ಉಳಿದ ಒಂದು ಗಂಟೆಯನ್ನು ಮನೆಯ ಪಾಠಕ್ಕೆ ಬಿಟ್ಟುಕೊಟ್ಟರು. ಮನೆ ಸಂಜೆಯನ್ನು ಅನುಕೂಲವಾದ ಬೇರೆ ದಿನವೂ ಇಟ್ಟುಕೊಳ್ಳಬಹುದೆಂದು ಸಡಿಲಿಸಿದರು. ಸೋಮವಾರ ಸಂಜೆ ಬಿಡುವಾಗಿಯೇ ಉಳಿಯಿತು. ಮರುವರ್ಷ ಮಹಾಮಾರಿ ಕೊರೊನಾ ಬಂದು ಜಗತ್ತಿನ ಎಲ್ಲ ಆರಾಧನಾಲಯಗಳ ಬಾಗಿಲು ಮುಚ್ಚಿದಾಗ, ಮನೆಯಲ್ಲಿ ಒಟ್ಟಿಗೆ ಕೂರುವ ಅಭ್ಯಾಸವಿದ್ದವರಿಗೆ ದಾರಿ ಗೊತ್ತಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಆಗ ಬಲಿಪೂಜೆಯನ್ನು ದೂರದರ್ಶನದಲ್ಲೋ ಫೋನಿನಲ್ಲೋ ನೋಡಿ ಮುಗಿಸಿದ ಮೇಲೆ ಒಬ್ಬರಿಗೊಬ್ಬರು ಏನು ಹೇಳಬೇಕೆಂಬುದೇ ತಿಳಿಯಲಿಲ್ಲ.

ಇಲ್ಲಿ ನಾನೂ ಒಂದು ತಪ್ಪೊಪ್ಪಿಗೆ ಮಾಡಬೇಕು. ಗುರುವಾಗಿ ಇಷ್ಟು ವರ್ಷಗಳಲ್ಲಿ ತಂದೆತಾಯಿಯರನ್ನು ನಾನು ಅತಿ ಹೆಚ್ಚು ಕೇಳಿರುವ ಪ್ರಶ್ನೆ, 'ಮಕ್ಕಳನ್ನು ಧರ್ಮೋಪದೇಶಕ್ಕೆ ಏಕೆ ಕಳುಹಿಸಲಿಲ್ಲ?' ಎಂಬುದು. 'ನಿಮ್ಮ ಮನೆಯಲ್ಲಿ ಒಟ್ಟಿಗೆ ಕೂರುವ ಹೊತ್ತು ಯಾವುದು?' ಎಂದು ಕೇಳಿದ್ದು ಅಪರೂಪ. ಯುವಜನ ಸಂಘ, ಗಾಯನ ವೃಂದ, ಧ್ಯಾನಕೂಟ, ಹಬ್ಬದ ಸಿದ್ಧತೆ ಎಂದು ಸಂಜೆಗಳನ್ನೆಲ್ಲ ಧರ್ಮಕೇಂದ್ರವೇ ತೆಗೆದುಕೊಂಡು, ಮನೆಯಲ್ಲಿ ಜಪಸರ ನಿಂತುಹೋಯಿತೆಂದು ಪೀಠದಿಂದ ದೂರುವುದು ನ್ಯಾಯವೇ? ವಾರದಲ್ಲಿ ಒಂದು ಸಂಜೆ ದೇವಾಲಯದಲ್ಲಿ ಏನನ್ನೂ ಇಡದೆ ಬಾಗಿಲು ಹಾಕಿಕೊಳ್ಳುವ ಧೈರ್ಯ ನಮಗೆ ಬರಬೇಕು. ತಂದೆತಾಯಿಯರಿಗೂ ಆ ಸಂಜೆ ದೂರದರ್ಶನವನ್ನು ಆರಿಸಿ, ತಮ್ಮದೇ ಫೋನನ್ನು ಮೊದಲು ಬದಿಗಿಡುವ ಧೈರ್ಯ ಬರಬೇಕು. ಒಂದು ಹತ್ತರ ಜಪ, ಶುಭಸಂದೇಶದ ಕೆಲವು ಸಾಲು, ಆ ವಾರ ನಡೆದದ್ದರ ಬಗ್ಗೆ ಮಾತು, ಮಕ್ಕಳಿಗಿಷ್ಟವಾದ ತಿಂಡಿ, ಇಷ್ಟು ಸಾಕು. ಪಾಠವನ್ನು ಮಗಳೇ ಹೇಳಲಿ. ಮಗ ಗಡಿಯಾರ ನೋಡಿದರೆ ನೋಡಲಿ. ಸಂದೇಹದ ಮಾತಾಡಿದರೆ ಗದರದೆ ಕೊನೆಯವರೆಗೂ ಕೇಳೋಣ.

ಪ್ರಭು ಯೇಸುವಿನ ಹದಿಹರೆಯದ ಬಗ್ಗೆ ಲೂಕನ ಶುಭಸಂದೇಶ ನಮಗೆ ಉಳಿಸಿಕೊಟ್ಟಿರುವುದು ಒಂದೇ ಘಟನೆ. ಹನ್ನೆರಡರ ಬಾಲಕ ಹೇಳದೆ ಜೆರುಸಲೇಮಿನಲ್ಲಿ ಉಳಿದ. ತಂದೆತಾಯಿ ಮೂರು ದಿನ ಹುಡುಕಿದರು. ಸಿಕ್ಕಾಗ ಅವನು ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆ ಪವಿತ್ರ ಕುಟುಂಬದಲ್ಲಿಯೇ ಹಾಗಾದರೆ ನಮ್ಮ ಮನೆಗಳಲ್ಲಿ ಆಗುವುದು ಆಶ್ಚರ್ಯವಲ್ಲ. ಆದರೆ ಅವರು ಹುಡುಕುವುದನ್ನು ಬಿಡಲಿಲ್ಲ, ಮತ್ತು ಮೂವರೂ ಒಟ್ಟಿಗೆ ನಜರೇತಿನ ಮನೆಗೆ ಮರಳಿದರು. 1915ರ ಪತ್ರ ಮರೆತುಹೋದಾಗ 1965ರಲ್ಲಿ ಮತ್ತೆ ಬರೆದವರಂತೆ, ನಿಂತುಹೋದ ಸಂಜೆಯನ್ನು ಮತ್ತೆ ಆರಂಭಿಸಲು ನಮಗೂ ಅಡ್ಡಿಯಿಲ್ಲ. ಈ ವಾರದ ಸಂಜೆ ಕೆಟ್ಟುಹೋದರೆ ಮುಂದಿನ ವಾರವೂ ಒಂದು ಸಂಜೆಯಿದೆ.